ಮದುಮಗಳ ಬಳೆ

ಹಸಿರು ಬಳೆ ಹೆಬ್ಬೆರಳಿನ ಗಂಟು ದಾಟುವಾಗ ಪಟ್ಟನೆ ಒಡೆಯಿತು. ಮದುಮಗಳು ಸುಂದರಬಾಯಿಯ ಮುಂಗೈ ಮೇಲೆ ರಕ್ತ ಕಂಡು ಅವಳ ತಾಯಿ ಯಶೋದಾಬಾಯಿ ಓಡಿಬಂದಳು. ರಜಾಕಾರರ ಗಲಾಟೆ ಅಡಗಿದ ಮೇಲೆ ಮಂಠಾಳದಲ್ಲಿ ನಡೆಯುತ್ತಿದ್ದ ಮೊದಲ ಮದುವೆ ಅದು. ಊರಿನ ಮೂರು ತಲೆಮಾರಿನ ಹೆಂಗಸರಿಗೆ ಬಳೆ ಇಟ್ಟ ಮುನ್ನಿ ಬೀ ಉಳಿದ ಬಳೆಗಳನ್ನು ಕೆಳಗಿಟ್ಟಳು.

"ಮಾಫ್ ಮಾಡು ಬೇಟಿ, ಎಲ್ಲಿ ಚುಚ್ಚ್ಯಾದ?" ಎನ್ನುತ್ತ ಸೆರಗಿನಿಂದ ಹುಡುಗಿಯ ಕೈ ಒರೆಸಿದಳು. ಒರೆಸಿದಷ್ಟೂ ರಕ್ತ ಬಂತು, ಗಾಯ ಮಾತ್ರ ಕಾಣಲಿಲ್ಲ.

ಸುಂದರಬಾಯಿ ಮುದುಕಿಯ ಅಂಗೈಯನ್ನು ಮೆಲ್ಲಗೆ ತಿರುಗಿಸಿದಳು. ಗಾಜಿನ ಚೂರು ಅಲ್ಲಿ ಆಳಕ್ಕೆ ಇಳಿದಿತ್ತು. "ಚಾಚಿ, ಗಾಯ ನಿಮಗ ಆಗ್ಯಾದ್ರಿ. ನೋವಾಗವಲ್ದೇನ್ರಿ?"

"ಇಲ್ಲ ಬೇಟಿ." ಸಕ್ಕರೆ ಬ್ಯಾನಿ ಕೈಕಾಲಿನ ಕಸುವು ತಿನ್ನುತ್ತದೆ, ಆಮೇಲೆ ಸ್ಪರ್ಶವನ್ನೂ ಬಿಡುವುದಿಲ್ಲ ಎಂದು ಹುಮನಾಬಾದಿನ ಡಾಕ್ಟರು ಹೇಳಿದ್ದರು. ಕಸುವು ಹೋದದ್ದು ಅವಳಿಗೆ ಗೊತ್ತಿತ್ತು. ನೆಲದಿಂದ ಏಳಲು ಈಗ ಗೋಡೆ ಹಿಡಿಯಬೇಕು. ಬೆರಳುಗಳ ಸ್ಪರ್ಶವೂ ಹೋಗಿದೆ ಎಂದು ಗೊತ್ತಿರಲಿಲ್ಲ.

ಯಶೋದಾಬಾಯಿ ಗಾಯಕ್ಕೆ ಅರಿಶಿನ ಒತ್ತಿದಳು. "ಇರ್ಲಿ ಚಾಚಿ, ಮುಂದಿನ ಬಳಿ ಇಡ್ರಿ."

ಮುನ್ನಿ ಬೀ ಉಳಿದ ಬಳೆಗಳನ್ನು ಮದುಮಗಳ ಮಡಿಲಿಗೆ ಹಾಕಿದಳು. "ನೀನೇ ಇಟ್ಕೋ ಬೇಟಿ. ನಿನ್ನ ಕೈ ಎಲ್ಲ್ಯದ ಅಂತ ನನ್ನ ಬೆರಳಿಗಿ ತಿಳಿಯವಲ್ದು."