ಮಂತ್ರಿಯ ತಾಯಿಯ ಗೋರಿ

ಆಸ್ಟ್ರೇಲಿಯಾದಿಂದ ಬಂದ ಮುದುಕಿ ಮೊಣಕಾಲೂರಿ ಗೋರಿಯ ಕಲ್ಲನ್ನು ಸವರುತ್ತಿದ್ದಳು. ಬೆಳಗಾವಿ ಕ್ಯಾಂಪಿನ ಆ ಹಳೇ ಇಂಗ್ಲಿಷರ ಸ್ಮಶಾನ ಕಾಯುವ ಜಮಾಲಸಾಬ ಪಕ್ಕದಲ್ಲಿ ನಿಂತಿದ್ದ. ಹೆರಿಗೆಯಲ್ಲಿ ಮಗಳು ಶಾಹಜಾದಿ ತೀರಿಹೋಗಿ ಇಪ್ಪತ್ತು ದಿನವಾಗಿತ್ತು. ಅವನು ಅತ್ತಿರಲಿಲ್ಲ, ಕೂಸಿನ ಮುಖವನ್ನೂ ನೋಡಿರಲಿಲ್ಲ.

"ಇವರ ಅಜ್ಜ ಇಂಗ್ಲಿಷರ ಕಾಲದಾಗ ಆಸ್ಟ್ರೇಲಿಯಾದಾಗ ಮೂರು ಸಲ ಮಂತ್ರಿ ಆಗಿದ್ದನಂತ," ಎಂದರು ಅವಳನ್ನು ಕರೆತಂದಿದ್ದ ನೇಮಿನಾಥ ಮಾಸ್ತರರು. "ಆ ಅಜ್ಜ ಹುಟ್ಟಿದ್ದು ಇಲ್ಲೇ. ಹಡೆದ ದಿನಾನ ತಾಯಿ ಸತ್ತಳು. ಇದು ಆಕಿ ಗೋರಿ."

"ಮತ್ತ ಆ ಕೂಸಿನ್ನ ಯಾರು ಸಾಕಿದ್ರೀ?" ಎಂದು ಜಮಾಲಸಾಬ ಕೇಳಿದ.

ಮಾಸ್ತರರು ಮುದುಕಿಯನ್ನು ಕೇಳಿ ತಿಳಿಸಿದರು. "ಇಲ್ಲಿನ ಆಯಾ ಒಬ್ಬಾಕಿ. ಹೆಸರು ಇವರಿಗೂ ಗೊತ್ತಿಲ್ಲಂತ."

ಜಮಾಲಸಾಬ ಗೇಟಿನ ಕೀಲಿಯನ್ನು ಮಾಸ್ತರರ ಕೈಗಿಟ್ಟು ಮನೆಗೆ ನಡೆದ. ಹೆಂಡತಿ ಹುಸೇನಬೀ ಮಗಳ ಕೂಸಿಗೆ ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು. ಅವಳೆದುರು ಕುಳಿತು ಎರಡೂ ಕೈ ಚಾಚಿದ.

"ಇಲ್ಲಿ ಕೊಡು," ಎಂದ.