ತುಟಿಗಳ ಬಾಗಿಲು

ಕೋಟಿನ ತೋಳು ಗಿಡ್ಡವಾಗಿದೆ ಎಂದು ಗಿರಾಕಿ ಮತ್ತೆ ಮತ್ತೆ ಹೇಳಿದಾಗ ದರ್ಜಿ ಹೆಂಗಸು ಹೊಲಿಗೆ ನಿಲ್ಲಿಸಿ ಬಾಯಿ ತೆರೆದಳು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ತುಟಿಯವರೆಗೂ ಬಂದು ಅಲ್ಲೇ ನಿಂತಿತು. ಒಳಗಿನಿಂದ ಯಾರೋ ತಣ್ಣನೆಯ ಬೆರಳಿಟ್ಟು ತುಟಿಗಳನ್ನು ಮೆಲ್ಲಗೆ ಮುಚ್ಚಿದ ಹಾಗಾಯಿತು. "ಬಿಚ್ಚಿ ಕೊಡಿ, ಸರಿಮಾಡ್ತೀನಿ," ಎಂದಳು. ಗಿರಾಕಿಗೆ ದಿಗಿಲಾಯಿತು. ಊರೆಲ್ಲ ಅವಳನ್ನು ಕತ್ತರಿ ಎಂದೇ ಕರೆಯುತ್ತಿತ್ತು. ಅವಳ ಬಾಯಿಗೆ ಸಿಕ್ಕವರು ಅಂಗಡಿಯ ಬಟ್ಟೆಗಿಂತ ಸಣ್ಣ ಚೂರಾಗಿ ಹೋದದ್ದೇ ಹೆಚ್ಚು.

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ತಂಗಿ ಕಿಸಕ್ಕನೆ ನಕ್ಕಳು. "ಏನಕ್ಕಾ, ಕಾವಲುಗಾರ ಕೆಲಸಕ್ಕೆ ಬಂದುಬಿಟ್ನಾ?"

ಬಂದಿದ್ದ. ಪಾಸ್ಟರಮ್ಮನ ಸತ್ಯವೇದ ಪಾಠದಲ್ಲಿ ಒಂದು ಪದ್ಧತಿಯಿತ್ತು. ತನ್ನ ಗುಣ ತಿದ್ದಿಕೊಳ್ಳಲು ಬೇಕಾದ ವಚನವನ್ನು ಯಾರೂ ತಾವೇ ಆರಿಸಿಕೊಳ್ಳುವಂತಿರಲಿಲ್ಲ, ಉಳಿದವರು ಆರಿಸಿ ಕೊಡಬೇಕು. ಕತ್ತರಿಯ ಸರದಿ ಬಂದಾಗ ಹೆಂಗಸರಲ್ಲಿ ಚರ್ಚೆಯೇ ನಡೆಯಲಿಲ್ಲ. ಕರ್ತನೇ, ನನ್ನ ಬಾಯಿಗೆ ಕಾವಲಿಡು, ನನ್ನ ತುಟಿಗಳ ಬಾಗಿಲನ್ನು ಕಾಯಿ, ಎಂಬುದಕ್ಕೆ ಎಲ್ಲರೂ ಕೈ ಎತ್ತಿದರು. ಎಲ್ಲರಿಗಿಂತ ಮೊದಲು ಎತ್ತಿದವಳು ತಂಗಿ. ಕತ್ತರಿ ಹಟಕ್ಕೆ ಬಿದ್ದು ಬೆಳಿಗ್ಗೆ ಸಂಜೆ ಮಂಡಿಯೂರಿ ಅದನ್ನೇ ಬೇಡಿದಳು. ಬೇಡಿದ್ದು ಸಿಕ್ಕಿತು.

ಬೈಗುಳ ನಿಂತದ್ದಕ್ಕೆ ಎಲ್ಲರೂ ಹೊಗಳಿದರು. ಆಮೇಲೆ "ನಾಳೆ ಕೊಡ್ತೀನಿ" ಎಂಬ ಮಾತೂ ನಿಂತಿತು. ಆ ಮಾತಿಲ್ಲದೆ ಯಾವ ದರ್ಜಿ ಬದುಕಿಯಾನು? ಸುಳ್ಳು ತಾನೇ, ಹೋದರೆ ಹೋಗಲಿ ಎಂದುಕೊಂಡಳು. ಆದರೆ ಒಂದು ಸಲ, ಅಂಚು ಮಾತ್ರ ಬಾಕಿಯಿದ್ದ ಗೌನನ್ನು ಕೇಳಿ ಬಂದವಳಿಗೆ "ಗುರುವಾರ ಬನ್ನಿ" ಎನ್ನಹೋದಳು. ಮನಸ್ಸಿನಲ್ಲಿ ಸುಳ್ಳಿರಲಿಲ್ಲ. ಆದರೂ ತುಟಿ ಬಿಗಿಯಿತು. "ಶುಕ್ರವಾರ" ಎಂದಾಗ ಸಡಿಲವಾಯಿತು. ಗುರುವಾರ ಇಡೀ ಬೀದಿಗೆ ಕರೆಂಟು ಹೋಗಿ ಮೆಷಿನ್ನು ತಿರುಗಲೇ ಇಲ್ಲ. ಅಂದಿನಿಂದ ಕನ್ನಡಿಯ ಮುಂದೆ ಬಾಯಿ ತೆರೆಯಲು ಅವಳಿಗೆ ಭಯವಾಗುತ್ತಿತ್ತು.

"ನಾನು ಹೇಳೋ ಸುಳ್ಳು ಮಾತ್ರ ಅಲ್ಲ, ಪಾಸ್ಟರಮ್ಮ. ನನಗೇ ಗೊತ್ತಿಲ್ಲದ ಸುಳ್ಳನ್ನೂ ತಡೀತಾನೆ. ಕಳಿಸಿಬಿಡಿ ಅವನನ್ನ."

"ಕಾವಲು ಕೊಡು ಅಂತ ಕೇಳೋಕೆ ವಚನ ಇದೆ ಕಣಮ್ಮ. ಬೇಡ ಅನ್ನೋಕೆ ಎಲ್ಲೂ ಓದಿದ ನೆನಪಿಲ್ಲ," ಎಂದರು ಪಾಸ್ಟರಮ್ಮ. ಅವರ ಕಣ್ಣು ಕತ್ತರಿಯ ತುಟಿಗಳ ಮೇಲೆಯೇ ಇತ್ತು. ಮಾತಾಡುತ್ತಲೇ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

ಆ ವಾರವೇ ತಂಗಿ ಗುಂಡಿ ಹಚ್ಚುತ್ತ ಕುಳಿತಲ್ಲೇ ಕುಸಿದಳು. ಹೃದಯ ಕೆಟ್ಟಿದೆ, ಆಪರೇಷನ್ ಮಾಡಬೇಕು ಎಂದ ಡಾಕ್ಟರು, "ಪೇಷಂಟಿಗೆ ಧೈರ್ಯ ಹೇಳಿ" ಎಂದು ಸೇರಿಸಿದರು. ಜಗತ್ತಿನಲ್ಲಿ ಕತ್ತರಿಯಿಂದ ಆಗದ ಕೆಲಸ ಅದೊಂದೇ ಆಗಿತ್ತು. ತಾಯಿ ತೀರಿಕೊಂಡ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು ಇದು. ತನ್ನ ಪ್ರಾಣ ಕೇಳಿದ್ದರೂ ಕೊಟ್ಟುಬಿಡುತ್ತಿದ್ದಳು, ಮಾತು ಕೇಳಿದರೆ ಎಲ್ಲಿಂದ ತರುವುದು? ಅದಕ್ಕೇ ತಂಗಿಯ ರಾತ್ರಿ ಉಡುಪನ್ನು ಮಡಿಲಲ್ಲಿಟ್ಟುಕೊಂಡು, ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ ಕಚ್ಚಿಕೊಂಡು, ಆಸ್ಪತ್ರೆಯ ಮಂಚದ ಪಕ್ಕ ಅಂಚು ಮಡಿಸುತ್ತ ಕುಳಿತಳು. ಆಪರೇಷನ್ನಿಗೆ ಕರೆದೊಯ್ಯುವವರ ತಳ್ಳುಗಾಡಿಯ ಸದ್ದು ಪಡಸಾಲೆಯಲ್ಲಿ ಕೇಳಿಸಿತು.

"ಅಕ್ಕಾ, ನಾನು ಮನೆಗೆ ವಾಪಸ್ ಬರ್ತೀನಾ?"

ಕತ್ತರಿ ಬಾಯಲ್ಲಿದ್ದ ಸೂಜಿಗಳ ಕಡೆ ಬೆರಳು ತೋರಿಸಿದಳು.

"ಸೂಜಿ ತೆಗಿ. ತೆಗೆದು ಹೇಳು."

ಒಂದೊಂದಾಗಿ ತೆಗೆದು ತನ್ನ ಕಾಲರಿಗೆ ಚುಚ್ಚಿಕೊಂಡಳು. ಕೊನೆಯದೂ ಮುಗಿಯಿತು, ಇನ್ನು ನೆಪವಿರಲಿಲ್ಲ. "ಬರ್ತೀಯ" ಎಂಬ ಒಂದು ಮಾತು ಎದೆಯಿಂದ ಎದ್ದು ಗಂಟಲು ದಾಟಿತು. ತಣ್ಣನೆಯ ಬೆರಳು ಬಂದು ಕುಳಿತಿತು. ಕತ್ತರಿ ತಲೆ ಕೊಡವಿದಳು. ಉಗುರು ಹಾಕಿ ತುಟಿಗಳನ್ನು ಬಿಡಿಸಲು ಎಳೆದಳು. ರಕ್ತ ಬಂತು, ಮಾತು ಬರಲಿಲ್ಲ.

ತಂಗಿಗೆ ಉತ್ತರ ಸಿಕ್ಕಿತ್ತು. ಅಕ್ಕನ ಕೈಯನ್ನು ಹಿಡಿದು ಕೆಳಗಿಳಿಸಿದಳು. "ಬಿಡಕ್ಕ, ತುಟಿ ಹರಕೊಳ್ಬೇಡ. ಇನ್ನೊಂದೇ ಕೇಳ್ತೀನಿ. ನೋವಾಗುತ್ತಾ?"

ಇದಕ್ಕೂ ಬಾಗಿಲು ಬಿದ್ದರೆ ಇಲ್ಲೇ ಹುಚ್ಚು ಹಿಡಿಯುತ್ತದೆ ಎನಿಸಿ ಕತ್ತರಿ ಕಣ್ಣು ಮುಚ್ಚಿಕೊಂಡಳು. "ಇಲ್ಲ," ಎಂದಳು. ಮಾತು ತಡೆಯಿಲ್ಲದೆ ಹೊರಗೆ ಬಂದಿತ್ತು. "ಸ್ವಲ್ಪವೂ ನೋವಾಗಲ್ಲ," ಎಂದು ಬಾಯಿ ತಾನಾಗಿ ಮತ್ತೊಮ್ಮೆ ಹೇಳಿತು. ಎರಡನೆಯ ಸಲದ ಧ್ವನಿ ಅವಳದಾಗಿರಲಿಲ್ಲ.

ತಳ್ಳುಗಾಡಿ ಬಾಗಿಲಿಗೆ ಬಂದು ನಿಂತಿತು. ತಂಗಿ ಅಕ್ಕನ ಕಣ್ಣನ್ನು ಬಿಟ್ಟು ಬಾಯಿಯನ್ನೇ ನೋಡಿದಳು. ಹೊದಿಕೆ ಸರಿಮಾಡಿಕೊಂಡು, ಹೊಸ ಪರಿಚಯದವರ ಹತ್ತಿರ ಮಾತಾಡುವ ಮರ್ಯಾದೆಯಲ್ಲಿ ಹೇಳಿದಳು:

"ಆಮೇಲೆ ಅಕ್ಕನ್ನ ನೀವೇ ನೋಡ್ಕೋಬೇಕು."