ಶಂಖದ ಹುಳುವಿನ ಪಂಡಿತ

ಪಂಢರಿ ಮಾಸ್ತರರು ಉತ್ತಮನಿಗೆ ಶಾಲು ಹೊದಿಸುತ್ತಿದ್ದಂತೆ ಸಂತಪುರದ ಸಮುದಾಯ ಭವನದ ತುಂಬ ಚಪ್ಪಾಳೆ ಬಿತ್ತು. ಅವನು ಮಾತ್ರ ತಲೆ ಎತ್ತಲಿಲ್ಲ.

“ನಮ್ಮೂರಾಗ ಅರ್ಧ ಸೋಯಾ ಉಳದದ್ದು ಈ ಹುಡುಗನಿಂದರಿ,” ಎಂದರು ಮಾಸ್ತರರು. “ಶಂಖದ ಹುಳ ಹ್ಯಾಂಗ ಹುಟ್ತದ, ಎಲ್ಲಿ ಅಡಗ್ತದ, ಎಲ್ಲಾ ಬಾಯಿಪಾಠ! ಇನ್ನೊಮ್ಮೆ ತಿಳಿಸಿ ಹೇಳಪ್ಪ.”

ಹೇಳಿದ. ಈ ಹುಳುವಿನಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಅಂತಿಲ್ಲ. ಕೂಡಿದ ಮೇಲೆ ಎರಡೂ ಮೊಟ್ಟೆಯಿಡುತ್ತವೆ. ಹಸಿ ಮಣ್ಣಿನಲ್ಲಿ ಕುಳಿ ತೋಡಿ, ಸಾಬೂದಾನಿಯಂಥ ಬಿಳಿ ಮೊಟ್ಟೆ, ಒಂದೊಂದು ಹುಳುವೂ ನೂರರ ಲೆಕ್ಕದಲ್ಲಿ. ಎರಡು ಮೂರು ವಾರಕ್ಕೆ ಮರಿ. ಹುಟ್ಟುವಾಗಲೇ ಬೆನ್ನ ಮೇಲೆ ತೆಳ್ಳನೆಯ ಚಿಪ್ಪು. ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ನಿದ್ದೆ. ಮೃಗಶಿರಾ ಮಳೆ ಬಿದ್ದಿತೋ, ಎದ್ದು ಎಳೆ ಸಸಿಗೆ ಬಾಯಿ ಹಾಕುವುದೇ.

ಇಷ್ಟೆಲ್ಲ ಅವನು ಪುಸ್ತಕ ಓದಿ ಕಲಿತದ್ದಲ್ಲ. ಮೂರು ವರ್ಷದ ಹಿಂದೆ ಕೊಳಾರದಲ್ಲಿ ಶೆಡ್ಡು ಹಿಡಿದು, ಹೈದರಾಬಾದಿನ ಹೋಟೆಲೊಂದಕ್ಕೆಂದು ತಿನ್ನುವ ಜಾತಿಯ ಶಂಖದ ಹುಳು ಸಾಕಿದ್ದ. ಊರವರು ನಕ್ಕಾರೆಂದು ಅಣಬೆ ಬೆಳೆಯುತ್ತೇನೆ ಎಂದಿದ್ದ. ಹೋಟೆಲಿನವರು ಫೋನು ಎತ್ತುವುದನ್ನೇ ಬಿಟ್ಟರು. ಕೊಲ್ಲಲು ಕೈ ಬರಲಿಲ್ಲ. ಹುಳುಗಳನ್ನು ಬುಟ್ಟಿಗೆ ತುಂಬಿ ಬೈಕಿಗೆ ಕಟ್ಟಿ ತಂದು, ತನ್ನೂರಿನ ಕೇಶರಬಾಯಿಯ ಹೊಲದ ಹಿಂದಿನ ನಾಲೆಯಲ್ಲಿ ಸುರಿದು ಹೋದ. ಜೀವ ಉಳಿಸಿದೆನೆಂದು ಅವತ್ತು ಹೆಮ್ಮೆ ಬೇರೆ ಪಟ್ಟಿದ್ದ, ಪುಣ್ಯಾತ್ಮ!

ಸಭೆ ಮುಗಿದ ಮೇಲೆ ಕೇಶರಬಾಯಿ ಮೆಟ್ಟಿಲ ಬಳಿ ಅವನ ಕೈ ಹಿಡಿದುಕೊಂಡಳು. ಎರಡು ಸಲ ಬಿತ್ತಿ ಎರಡು ಸಲವೂ ಸಸಿ ಕಳೆದುಕೊಂಡವಳು. ಹುಳು ಆರಿಸಿ ಉಪ್ಪುನೀರಿಗೆ ಹಾಕಿ ಹಾಕಿ ಅವಳ ಬೆರಳೆಲ್ಲ ಸೀಳು ಬಿಟ್ಟಿದ್ದವು.

“ದಿನಾ ನಸುಕಿನ್ಯಾಗ ನನ್ನ ಹೊಲಕ್ಕ ಬಂದು ಆರಿಸಿದಿ. ಹೊಟ್ಟ್ಯಾಗ ಹುಟ್ಟಿದ ಮಕ್ಕಳೂ ಹಿಂಗ ಮಾಡಂಗಿಲ್ಲಪ್ಪ.”

ಆ ಮಾತನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಶಾಲು ಹೊದ್ದಾಗಿನ ನಾಚಿಕೆಯೇ ವಾಸಿಯಿತ್ತು.

“ಕಾಕು, ಅವು ನನ್ನವೇರಿ. ಕೊಳಾರದಾಗ ನಾ ಅಣಬಿ ಬೆಳೀಲಿಲ್ಲ, ಇವನ್ನೇ ಸಾಕಿದ್ದೆ. ನಿಮ್ಮ ಹೊಲದ ಹಿಂದ ತಂದು ಬಿಟ್ಟಾಂವ ನಾನೇ.”

ಬೈದಾಳು, ಹೊಡೆದರೂ ಹೊಡೆದಾಳು ಎಂದು ಕಾದ. ಅವಳು ಕೈ ಬಿಡಲೂ ಇಲ್ಲ.

“ಎಷ್ಟ ಇದ್ದವು?”

“ಒಂದು ಬುಟ್ಟಿ.”

ಕೇಶರಬಾಯಿ ತನ್ನ ಸೀಳು ಬಿಟ್ಟ ಬೆರಳುಗಳನ್ನು ನೋಡಿಕೊಂಡಳು.

“ಒಂದ ಬುಟ್ಟಿ,” ಎಂದಳು. “ಅವತ್ತೇ ಹೇಳಿದ್ದರ, ರೊಟ್ಟಿ ಉಣ್ಣೂ ಹೊತ್ತಿಗೆ ನಾ ಒಬ್ಬಾಕೀನೇ ಆರಿಸಿ ಮುಗಸ್ತಿದ್ದೆನಲ್ಲೋ ಉತ್ತಮಾ.”